ಮಗ್ಗದ ಕೋಣೆಯಲ್ಲಿ ಮಂಗಳವಾರ

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ
ನಾನು ಸಾವಿರದ ಎಂಟುನೂರ ತೊಂಬತ್ತೆಂಟಕ್ಕೆ ಹೋಗುತ್ತೇನೆ.
ದಾರಿ ದೂರವೇನಲ್ಲ.
ಸಿಬ್ಬಂದಿ ಕೋಣೆಯ ಬೀರುವಿನೊಳಗೆ
ಕೈಗಡಿಯಾರ, ಮೊಬೈಲು, ಕನ್ನಡಕ ಬಿಚ್ಚಿಟ್ಟು
ಮೊಳೆಗೆ ನೇತುಹಾಕಿದ ಬೂದು ಶಾಲು ಹೊದ್ದು
ಮರದ ಮೆಟ್ಟಿನಲ್ಲಿ ಹದಿನಾರು ಮೆಟ್ಟಿಲಿಳಿದರೆ
ಕಾಲಲ್ಲಿ ಲಾಳ, ಕೈಯಲ್ಲಿ ಲಾಳಿ,
ವಿನಿಫ್ರೆಡ್ ಎಂಟ್ವಿಸಲ್, ಪಿಂಚಣಿದಾರಳು, ಹೋಗಿ
ಸಾರಾ ಆನ್, ನಾಲ್ಕು ಮಗ್ಗದ ನೇಕಾರಳು.

ಬಸ್ಸಿಳಿದ ಇಪ್ಪತ್ತಾರು ಮಕ್ಕಳಿಗೆ
ಒಂದೊಂದು ರಟ್ಟಿನ ಚೀಟಿ:
ಹಳೆಯ ಹಾಜರಿ ಪುಸ್ತಕದ ಹೆಸರು, ವಯಸ್ಸು, ವಾರದ ಕೂಲಿ.
"ನೀನಿವತ್ತು ಐಸಾಯಾ, ಹನ್ನೊಂದು ತುಂಬಿದೆ,
ಬೆಳಿಗ್ಗೆ ಗಿರಣಿ, ಮಧ್ಯಾಹ್ನ ಶಾಲೆ."
(ಮಧ್ಯಾಹ್ನ ಬೆಂಚಿನ ಮೇಲೆ ನಿದ್ದೆ ಎಂದು ಓದಿಕೊಳ್ಳಿ.)

ಹಂಝಾ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ.
"ನಮ್ಮಜ್ಜ ಇಲ್ಲೇ ರಾತ್ರಿ ಪಾಳಿ ಮಾಡ್ತಿದ್ರು,
ಅವರ ಚೀಟಿ ಎಲ್ಲಿ?"
ಮೀರ್‌ಪುರದಿಂದ ಬಂದವರಂತೆ, ಅರವತ್ತನಾಲ್ಕರಲ್ಲಿ.
ನಮ್ಮ ಡಬ್ಬಿಯಲ್ಲಿ ಆ ವರ್ಷವೇ ಇಲ್ಲ.
ಖಾಲಿ ರಟ್ಟು, ಒಂದು ಪೆನ್ಸಿಲು ಕೊಟ್ಟೆ.
ಹೆಸರು ಬರೆದ. ಕೂಲಿಯ ಜಾಗ ಹಾಗೇ ಬಿಟ್ಟು
"ಮನೇಲಿ ಕೇಳ್ತೀನಿ" ಎಂದು ಜೇಬಿಗಿಳಿಸಿದ.

ಲಾಳಿಯ ಕಣ್ಣಿಗೆ ಬಾಯಿಟ್ಟು
ಎಳೆಯನ್ನು ಉಸಿರಿನಲ್ಲಿ ಹೀರಿ ಹೊರಗೆಳೆಯುವುದನ್ನು
ತೋರಿಸುತ್ತೇನೆ, ಬಾಯಿಡದೆ.
"ಮುತ್ತು ಕೊಡೋದು ಅಂತಿದ್ರು ಇದಕ್ಕೆ."
ಹುಡುಗರು ಕಿಸಕ್ಕೆಂದರು.
ಒಂದೇ ಲಾಳಿಗೆ ಹತ್ತು ಬಾಯಿ, ಒಬ್ಬರ ಕೆಮ್ಮು ಎಲ್ಲರಿಗೂ
ಎಂದಾಗ ನಗು ಒಂದೊಂದೇ ಮುಖದಿಂದ ಇಳಿಯಿತು.

ಆಗ ಅವರ ಟೀಚರು ಪಕ್ಕಕ್ಕೆ ಕರೆದು,
"ಬ್ರಯೊನಿಯನ್ನು ಹೊರಗೆ ಕೂರಿಸಲೇ? ಅವಳಿಗೆ ಕಿವಿ ಕೇಳಿಸದು,
ಪಾಪ, ಏನೂ ಅರ್ಥವಾಗಲಿಕ್ಕಿಲ್ಲ."
ಬ್ರಯೊನಿ ಅಷ್ಟರಲ್ಲಿ
ಎರಡು ಕಿವಿಯ ಯಂತ್ರವನ್ನೂ ತೆಗೆದು ಅಂಗೈಯಲ್ಲಿಟ್ಟುಕೊಂಡು
ಮಗ್ಗದ ಚೌಕಟ್ಟಿಗೆ ಇನ್ನೊಂದು ಕೈ ಆನಿಸಿ ನಿಂತಿದ್ದಳು.

ಪಟ್ಟಿ ಎಳೆದೆ.
ಧಡಧಡಧಡ ಧಡಧಡಧಡ
ಒಂದೇ ಮಗ್ಗ. ಅಂದು ಮುನ್ನೂರಿದ್ದವು.
ನೆಲ ನಡುಗಿತು, ಹಲ್ಲು ನಡುಗಿತು,
ಇಪ್ಪತ್ತೈದು ಮಕ್ಕಳು ಕಿವಿ ಮುಚ್ಚಿ
ಬಾಯಿ ಬಾಯಿ ಬಿಟ್ಟು ಕಿರುಚಿದರು,
ಒಂದಕ್ಷರವೂ ಯಾರಿಗೂ ಮುಟ್ಟಲಿಲ್ಲ.

ನಾನು ದನಿಯಿಲ್ಲದೆ, ತುಟಿ ಅಗಲಿಸಿ, ಕೆನ್ನೆ ಕುಣಿಸಿ
ನೇಕಾರರ ಭಾಷೆಯಲ್ಲಿ ಕೇಳಿದೆ:
ರಾತ್ರಿ ಊಟಕ್ಕೇನು?
ಮಕ್ಕಳು ಮಿಕಮಿಕ ನೋಡಿದರು.
ಬ್ರಯೊನಿ ಹಾಸುಹೊಕ್ಕಿನ ಆಚೆಯಿಂದ
ಅಷ್ಟೇ ಮೌನವಾಗಿ, ಅಷ್ಟೇ ಅಗಲವಾಗಿ:
ಆಲೂಗಡ್ಡೆ ಪೈ. ನಿಮಗೆ?

ಇದನ್ನು ಯಾವ ತರಬೇತಿಯಲ್ಲೂ ನಾನು ಕಲಿತಿಲ್ಲ.
ನಮ್ಮಮ್ಮ ನಲವತ್ತಕ್ಕೇ ಕಿವುಡಿ,
ಈ ಕಣಿವೆಯದೇ ಇನ್ನೊಂದು ಗಿರಣಿ, ಇಂಥದೇ ಮಗ್ಗ.
ಊಟದ ಮೇಜಿನಲ್ಲಿ ನಮ್ಮ ತುಟಿ ಓದುತ್ತಿದ್ದಳು.
ಸುಳ್ಳು ಹೇಳಬೇಕಾದಾಗ
ಅಣ್ಣನೂ ನಾನೂ ಬೆನ್ನು ತಿರುಗಿಸುತ್ತಿದ್ದೆವು.
ಚೀಟಿಯಲ್ಲಿ ಇದಕ್ಕೆ ಜಾಗವಿಲ್ಲ.

ಒಂದು ಗಳಿಗೆ ಹಾಗೇ ಹರಟಿದೆವು,
ನಾಯಿಯ ಹೆಸರು, ಕೆಂಪು ಮೂಗಿನ ಹೆಡ್‌ಮಾಸ್ಟರು.
ಉಳಿದವರೆಲ್ಲ ಸುತ್ತ ನಿಂತು
ಪರದೇಶದ ಪೇಟೆಗೆ ಬಂದವರ ಹಾಗೆ
ನಮ್ಮ ಬಾಯನ್ನೇ ನೋಡುತ್ತಿದ್ದರು.
ನಿಮಗೆ ಯಾರು ಹೇಳಿಕೊಟ್ಟರು? ಎಂದಳು.
ಅಮ್ಮ.
ಹೆಸರು?
ಮೇಬಲ್.
ತುಟಿ ಎರಡು ಸಲ ಕೂಡಿ ಬಿಡುವ ಹೆಸರು.
ದನಿಯಿಲ್ಲದೆಯೇ ಇಷ್ಟು ಚೆಂದ ಎಂದು
ಎಪ್ಪತ್ತೊಂದು ವರ್ಷಕ್ಕೆ ಮೊದಲ ಸಲ ಅನ್ನಿಸಿತು.

ಮಗ್ಗ ನಿಲ್ಲಿಸಿದೆ.
ಎಲ್ಲರ ಕೂದಲಲ್ಲೂ ಹತ್ತಿಯ ನಾರು.

ಹನ್ನೆರಡೂವರೆಗೆ ಬಸ್ಸು ಹೊರಟಿತು.
ಹಿಂದಿನ ಕಿಟಕಿಯ ಗಾಜಿಗೆ ಮುಖ ಒತ್ತಿ
ಬ್ರಯೊನಿ ಏನೋ ಹೇಳಿದಳು, ಉದ್ದದ್ದೇ ಒಂದು ಮಾತು.
ನನ್ನ ಕನ್ನಡಕ ಮೇಲಿತ್ತು, ಬೀರುವಿನಲ್ಲಿ,
ಇನ್ನೊಂದು ಶತಮಾನದಲ್ಲಿ.
ಹೂಂ ಹೂಂ ಎಂದು ತಲೆಯಾಡಿಸಿದೆ.

ಕಣ್ಣೂ ಮಂಜಾದ ಮೇಲೆ, ಕೊನೆಕೊನೆಗೆ,
ಅಮ್ಮನೂ ಹೀಗೇ ತಲೆಯಾಡಿಸುತ್ತಿದ್ದಳು.